ಪಾದದ ಅಭಿಧಮನಿಗಳು: ಒಬ್ಬರಲ್ಲಿದ್ದಂತೆ ಇನ್ನೊಬ್ಬರಲ್ಲಿಲ್ಲ

ಹೃದಯದಿಂದ ರಕ್ತವನ್ನು ಒಯ್ಯುವ ಅಪಧಮನಿಗಳು, ಅಪವಾದಗಳಿದ್ದರೂ, ಬಹುತೇಕ ಎಲ್ಲರಲ್ಲೂ ಒಂದೇ ಹಾದಿ ಹಿಡಿಯುತ್ತವೆ. ಆ ರಕ್ತವನ್ನು ಮರಳಿ ತರುವ ಅಭಿಧಮನಿಗಳು, ಅದರಲ್ಲೂ ಚರ್ಮದಡಿಯಲ್ಲೇ ಹರಿಯುವಂಥವು, ಅಷ್ಟು ಶಿಸ್ತಿನವಲ್ಲ. ಒಬ್ಬರದೇ ಎಡ ಬಲ ಪಾದಗಳ ಮೇಲಿನ ನೀಲಿ ಗೆರೆಗಳೂ ಪರಸ್ಪರ ಹೊಂದುವುದು ಅಪರೂಪ. ಭ್ರೂಣದಲ್ಲಿ ಇವು ಮೊದಲು ಸೂಕ್ಷ್ಮ ನಾಳಗಳ ಬಲೆಯಾಗಿ ಮೂಡಿ, ಹರಿವು ಹೆಚ್ಚಿದ ಎಳೆಗಳು ಹಿಗ್ಗಿ ಉಳಿದವು ಅಳಿದುಹೋಗುವುದರಿಂದ, ಯಾವ ಎಳೆ ಉಳಿಯಿತೆಂಬುದು ಒಬ್ಬೊಬ್ಬರಲ್ಲಿ ಒಂದೊಂದು ಬಗೆಯಾಗುತ್ತದೆ.

ಪಠ್ಯಪುಸ್ತಕದ ಚಿತ್ರದಲ್ಲಿ ಪಾದದ ಮೇಲೆ ಅಡ್ಡಲಾಗಿ ಅಭಿಧಮನಿಗಳ ಒಂದು ಕಮಾನು ಇರುತ್ತದೆ. ಅದರ ಒಳತುದಿಯಿಂದ ದೇಹದ ಅತ್ಯಂತ ಉದ್ದದ ಅಭಿಧಮನಿಯಾದ ದೊಡ್ಡ ಸ್ಯಾಫಿನಸ್ ಹೊರಟು ತೊಡೆಸಂದಿಯವರೆಗೆ ಏರುತ್ತದೆ. ಹೊರತುದಿಯಿಂದ ಚಿಕ್ಕ ಸ್ಯಾಫಿನಸ್ ಹೊರಟು, ಕಣಕಾಲಿನ ಹೊರಗಂಟಿನ ಹಿಂದೆ ಹಾದು, ಮೀನಖಂಡದ ನಡುವೆ ಮೇಲೇರುತ್ತದೆ. ಈ ಚಿತ್ರ ಹಲವು ಸಾಧ್ಯತೆಗಳಲ್ಲಿ ಒಂದು ಮಾತ್ರ. ಕಮಾನು ಕೆಲವರಲ್ಲಿ ಅಪೂರ್ಣ. ದೊಡ್ಡ ಸ್ಯಾಫಿನಸ್ ಕೆಲವರಲ್ಲಿ ಅಲ್ಲಲ್ಲಿ ಜೋಡಿಯಾಗಿರುತ್ತದೆ. ಚಿಕ್ಕದು ಮಂಡಿಯ ಹಿಂದೆ ಆಳದ ಅಭಿಧಮನಿಗೆ ಸೇರುವ ಬದಲು ತೊಡೆಯತ್ತ ಮುಂದುವರಿದು ದೊಡ್ಡದನ್ನೇ ಕೂಡುವುದೂ ಉಂಟು. ಹೀಗೆ ಎರಡನ್ನೂ ಬೆಸೆಯುವ ನಾಳವನ್ನು 1873ರಲ್ಲಿ ವಿವರಿಸಿದ ಇಟಲಿಯ ಅಂಗರಚನಾಶಾಸ್ತ್ರಜ್ಞ ಕಾರ್ಲೋ ಜಕೊಮೀನಿಯ ಹೆಸರೇ ಅದಕ್ಕೆ ನಿಂತಿದೆ.

ಇಷ್ಟೆಲ್ಲ ಅನಿಶ್ಚಯದ ನಡುವೆ ಒಂದು ತಾಣ ಮಾತ್ರ ವೈದ್ಯರ ಕೈಬಿಡುವುದು ವಿರಳ: ಕಣಕಾಲಿನ ಒಳಗಂಟಿನ ತುಸು ಮುಂದೆ ದೊಡ್ಡ ಸ್ಯಾಫಿನಸ್ ಸಿಕ್ಕೇ ಸಿಗುತ್ತದೆಂಬ ಭರವಸೆಯಿಂದಲೇ, ರಕ್ತಸ್ರಾವದಿಂದ ಬೇರೆ ನಾಳಗಳು ಕುಸಿದ ರೋಗಿಗೆ ಅಲ್ಲಿ ಚರ್ಮ ಕೊಯ್ದು ದ್ರವ ಹನಿಸುವ ಪದ್ಧತಿ ಬಹುಕಾಲ ನಡೆಯಿತು. ಅಲ್ಲಿ ಅದಕ್ಕೆ ಅಂಟಿಕೊಂಡೇ ಸಾಗುವ ನರಕ್ಕೆ ಪೆಟ್ಟಾದರೆ ಪಾದದ ಒಳಬದಿ ಜೋಮು ಹಿಡಿಯುತ್ತದೆ.

ಹರಿವಿನ ದಿಕ್ಕಿನಲ್ಲಿ ಇನ್ನೂ ದೊಡ್ಡ ವಿಚಿತ್ರವಿದೆ. ಮೇಲ್ಪದರದ ಅಭಿಧಮನಿಗಳನ್ನು ಆಳದವುಗಳಿಗೆ ಜೋಡಿಸುವ ಸಂಪರ್ಕನಾಳಗಳ ಕವಾಟಗಳು ಮೊಣಕಾಲಿನ ಕೆಳಗೆ ರಕ್ತವನ್ನು ಹೊರಗಿನಿಂದ ಒಳಕ್ಕೆ ಮಾತ್ರ ಬಿಡುತ್ತವೆ. ಪಾದದಲ್ಲಾದರೋ ಅನೇಕ ಸಂಪರ್ಕನಾಳಗಳಿಗೆ ಕವಾಟವೇ ಇಲ್ಲ, ಇದ್ದರೂ ಸಾಮಾನ್ಯವಾಗಿ ರಕ್ತವನ್ನು ಒಳಗಿನಿಂದ ಹೊರಕ್ಕೆ ಬಿಡುವಂಥವು. ಹೆಜ್ಜೆ ಊರಿದಾಗಲೆಲ್ಲ ಅಂಗಾಲಿನ ಆಳದ ಅಭಿಧಮನಿಗಳು ಅದುಮಿಹೋಗಿ ರಕ್ತ ಮೇಲಕ್ಕೆ ಚಿಮ್ಮುತ್ತದೆ. ಕಣಕಾಲಿನ ಒಳಗಂಟಿನ ಮೇಲ್ಗಡೆಯ ಸಂಪರ್ಕನಾಳಗಳ ಕವಾಟ ಕೆಟ್ಟರೆ ಅಲ್ಲಿನ ಚರ್ಮ ಕಪ್ಪಾಗಿ ಹುಣ್ಣಾಗಬಹುದು. ಅವುಗಳ ಸಂಖ್ಯೆ, ಸ್ಥಾನಗಳೆರಡೂ ಬದಲಾಗುವುದರಿಂದ, ಉಬ್ಬಿದ ಅಭಿಧಮನಿಗಳ ಶಸ್ತ್ರಚಿಕಿತ್ಸೆಗೆ ಮುನ್ನ ಡಾಪ್ಲರ್ ಸ್ಕ್ಯಾನಿನಿಂದ ಆ ರೋಗಿಯದೇ ನಕ್ಷೆ ತಯಾರಿಸಲಾಗುತ್ತದೆ. ಮಲಗಿದರೆ ನಾಳಗಳು ಬರಿದಾಗಿ ಹಿಮ್ಮುಖ ಹರಿವು ಮರೆಯಾಗಬಹುದಾದ ಕಾರಣ ಈ ಪರೀಕ್ಷೆಯನ್ನು ಸಾಮಾನ್ಯವಾಗಿ ರೋಗಿ ನಿಂತಿರುವಾಗಲೇ ಮಾಡುತ್ತಾರೆ.