ಬಟ್ಟೆಯೋ, ಡೈಪರೋ?

ಡೈಪರ್ ಅಂದರೆ ಏನು ಗೊತ್ತಲ್ಲವೇ? ಕೂಸಿಗೆ ಚಡ್ಡಿಯ ಹಾಗೆ ಹಾಕುತ್ತಾರೆ. ಅದು ಉಚ್ಚೆಯನ್ನು ಹೀರಿಕೊಳ್ಳುತ್ತದೆ. ತುಂಬಿದ ಮೇಲೆ ತೆಗೆದು ಎಸೆಯುತ್ತಾರೆ.

ದೊಡ್ಡವರಿಗೂ ಡೈಪರ್ ಇದೆ. ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಆದರೆ ಅದನ್ನು ಕೇಳಿ ತರಲು ನಾಚಿಕೆ. ಹಾಕಿಕೊಂಡವರಿಗೂ ನಾಚಿಕೆ. ಮನೆಯವರಿಗೂ ಸಂಕೋಚ. ಕಾಗದದಲ್ಲಿ ಸುತ್ತಿ, ಸೆರಗಿನಲ್ಲಿ ಮುಚ್ಚಿ ತರುತ್ತಾರೆ.

ನಾಚಿಕೆ ಯಾಕೆ? ಕಣ್ಣು ಮಂಜಾದರೆ ಕನ್ನಡಕ ಹಾಕುತ್ತೇವೆ. ಕಾಲು ಸೋತರೆ ಕೋಲು ಹಿಡಿಯುತ್ತೇವೆ. ಉಚ್ಚೆ ತಡೆಯಲು ಆಗದಿದ್ದರೆ ಬಟ್ಟೆ ಕಟ್ಟುತ್ತೇವೆ. ಇಲ್ಲವೇ ಡೈಪರ್ ಹಾಕುತ್ತೇವೆ. ಅಷ್ಟೇ.

ಬಟ್ಟೆ ಮನೆಯಲ್ಲೇ ಇದೆ. ಡೈಪರಿಗೆ ದುಡ್ಡು ಕೊಡಬೇಕು. ಆದರೂ ಕೆಲವರು ಡೈಪರೇ ಬೇಕು ಎನ್ನುತ್ತಾರೆ. ಯಾಕೆ? ಬನ್ನಿ, ತಿಳಿಯೋಣ.

ಯಾರಿಗೆ ಬೇಕಾಗುತ್ತದೆ?

ನಮ್ಮ ಕಿಬ್ಬೊಟ್ಟೆಯಲ್ಲಿ ಮೂತ್ರದ ಚೀಲ ಇದೆ. ಅದರ ಬಾಯನ್ನು ಬಿಗಿಯಾಗಿ ಹಿಡಿಯುವ ಸ್ನಾಯುಗಳಿವೆ. ಹೆರಿಗೆಯಾದಾಗ ಈ ಸ್ನಾಯುಗಳು ಸಡಿಲ ಆಗಬಹುದು. ಮುಟ್ಟು ನಿಂತ ಮೇಲೆ ಇನ್ನೂ ಸಡಿಲ ಆಗಬಹುದು. ಆಗ ಕೆಮ್ಮಿದರೆ, ಸೀನಿದರೆ, ಜೋರಾಗಿ ನಕ್ಕರೆ, ತುಂಬಿದ ಕೊಡ ಎತ್ತಿದರೆ ಉಚ್ಚೆ ಸೋರುತ್ತದೆ. ಗಂಡಸರಿಗಿಂತ ಹೆಂಗಸರಿಗೆ ಈ ತೊಂದರೆ ಹೆಚ್ಚು.

ಬೇರೆ ಕಾರಣಗಳೂ ಇವೆ. ಸಕ್ಕರೆ ಕಾಯಿಲೆ, ಮೂತ್ರದ ಸೋಂಕು, ಮಲಬದ್ಧತೆ, ಲಕ್ವ, ಮರೆವಿನ ಕಾಯಿಲೆ ಇದ್ದರೂ ಹೀಗೆ ಆಗುತ್ತದೆ. ಕೆಲವರಿಗೆ ಮೂತ್ರದ ಚೀಲ ಚೆನ್ನಾಗಿಯೇ ಇರುತ್ತದೆ. ಆದರೆ ಮಂಡಿ ನೋವು. ಎದ್ದು ಬಚ್ಚಲು ಮುಟ್ಟುವಷ್ಟರಲ್ಲಿ ಸೀರೆ ನೆನೆದಿರುತ್ತದೆ.

2011ರ ಜನಗಣತಿಯಲ್ಲಿ ನಮ್ಮ ದೇಶದಲ್ಲಿ 60 ವರ್ಷ ದಾಟಿದವರು 10 ಕೋಟಿಗೂ ಹೆಚ್ಚು ಇದ್ದರು. ಅವರೆಲ್ಲರಿಗೂ ಈ ತೊಂದರೆ ಇಲ್ಲ. ಆದರೆ ಇದ್ದವರು ಬಾಯಿಬಿಟ್ಟು ಹೇಳುವುದು ಕಡಿಮೆ.

ಅತ್ತೆ ಸೊಸೆಯ ಮಾತು

ಒಂದು ಮನೆಯಲ್ಲಿ ಅತ್ತೆ, ಸೊಸೆ ಹೀಗೆ ಮಾತಾಡಿದರು ಅಂದುಕೊಳ್ಳಿ.

"ಅತ್ತೆ, ನಾಳೆ ಮದುವೆಗೆ ಹೋಗಬೇಕಲ್ಲ. ನಿಮ್ಮ ತಮ್ಮನ ಮಗಳ ಮದುವೆ. ನೀವೇ ಬರಲ್ಲ ಅಂದ್ರೆ ಹೇಗೆ?"

"ನಾನು ಬರಲ್ಲ ಕಣವ್ವ. ನೀವು ಹೋಗಿ ಬನ್ನಿ."

"ಯಾಕೆ, ಮಂಡಿ ನೋವಾ?"

"ಮಂಡಿ ಅಲ್ಲ. ಬಸ್ಸಲ್ಲಿ ಮೂರು ಗಂಟೆ ಕೂರಬೇಕು. ನಂಗೆ ತಡಿಯೋಕೆ ಆಗಲ್ಲ. ಬಟ್ಟೆ ಕಟ್ಕೊಂಡ್ರೂ ಸೀರೆ ನೆನೆಯುತ್ತೆ. ನಾಲ್ಕು ಜನರ ಮುಂದೆ ವಾಸನೆ ಬಂದ್ರೆ?"

"ಅದಕ್ಕೇನಾ ನೀವು ನೀರೂ ಕುಡಿಯಲ್ಲ?"

"ಹೂಂ. ಕುಡಿದ್ರೆ ತಾನೇ ಬರೋದು."

"ಅಯ್ಯೋ, ಮೊದಲೇ ಹೇಳಬಾರದಿತ್ತಾ ಅತ್ತೆ?"

"ಹೇಗೆ ಹೇಳಲಿ? ನನ್ನ ಉಚ್ಚೆ ಬಟ್ಟೆ ನೀನು ಒಗೀಬೇಕಲ್ಲ ಅನ್ನೋದೇ ನಂಗೆ ಸಂಕಟ."

ನೋಡಿ, ಈ ಅತ್ತೆಗೆ ಮದುವೆ ತಪ್ಪುತ್ತದೆ. ನಾಳೆ ಜಾತ್ರೆ ತಪ್ಪುತ್ತದೆ. ಆಮೇಲೆ ಸಂಘದ ಸಭೆಯೂ ತಪ್ಪುತ್ತದೆ. ಕಡೆಗೆ ಅವರು ಹೊಸಿಲು ದಾಟುವುದೇ ಇಲ್ಲ.

ನೀರು ಬಿಡುವುದಂತೂ ತಪ್ಪು. ನೀರು ಕಡಿಮೆಯಾದರೆ ಉಚ್ಚೆ ಗಾಢವಾಗುತ್ತದೆ. ಉರಿಯಬಹುದು. ಸೋಂಕು ಬರಬಹುದು. ಮಲ ಗಟ್ಟಿಯಾಗುತ್ತದೆ. ಆಗ ಸೋರುವುದು ಕಡಿಮೆಯಾಗುವ ಬದಲು ಹೆಚ್ಚೇ ಆಗಬಹುದು. ದಿನವೆಲ್ಲ ಸ್ವಲ್ಪ ಸ್ವಲ್ಪ ನೀರು ಕುಡಿಯಬೇಕು. ಮಲಗುವುದಕ್ಕೆ ಒಂದೆರಡು ಗಂಟೆ ಮುಂಚೆ ಮಾತ್ರ ಕಡಿಮೆ ಮಾಡಬಹುದು.

ಡೈಪರ್ ಒಳಗೆ ಏನಿದೆ?

ಡೈಪರಿನಲ್ಲಿ ಮೂರು ಪದರ ಇವೆ. ಮೈಗೆ ತಾಗುವ ಪದರ ಮೆತ್ತಗಿರುತ್ತದೆ. ಅದು ನೀರನ್ನು ಒಳಗೆ ಬಿಡುತ್ತದೆ. ನಡುವಿನ ಪದರ ಹೀರಿಕೊಳ್ಳುತ್ತದೆ. ಹೊರಗಿನದು ಪ್ಲಾಸ್ಟಿಕ್ ಪದರ. ಅದು ಸೋರದಂತೆ ತಡೆಯುತ್ತದೆ.

ನಡುವಿನ ಪದರದಲ್ಲಿ ಮರದ ನಾರು ಇದೆ. ಜೊತೆಗೆ ಸಕ್ಕರೆಯಂಥ ಒಂದು ಬಿಳಿ ಪುಡಿ ಇದೆ. ಇದನ್ನು ಕಾರ್ಖಾನೆಯಲ್ಲಿ ಮಾಡುತ್ತಾರೆ. ಈ ಪುಡಿ ತನ್ನ ತೂಕದ ಎಷ್ಟೋ ಪಟ್ಟು ನೀರು ಕುಡಿಯುತ್ತದೆ. ಕುಡಿದು ನೆನೆಸಿದ ಸಬ್ಬಕ್ಕಿಯ ಹಾಗೆ ಉಬ್ಬುತ್ತದೆ. ಒತ್ತಿದರೂ ನೀರು ಸುಲಭವಾಗಿ ಬಿಡುವುದಿಲ್ಲ. ಬಟ್ಟೆ ಹೀಗಲ್ಲ. ನೆನೆದ ಬಟ್ಟೆಯ ಮೇಲೆ ಕುಳಿತರೆ ನೀರು ವಾಪಸು ಬರುತ್ತದೆ.

ಅಮೆರಿಕದಲ್ಲಿ 1961ರಲ್ಲಿ ಪ್ಯಾಂಪರ್ಸ್ ಎಂಬ ಮಕ್ಕಳ ಡೈಪರ್ ಮಾರಾಟಕ್ಕೆ ಬಂತು. ಆಗ ಈ ಪುಡಿ ಅದರಲ್ಲಿ ಇರಲಿಲ್ಲ. 1980ರ ನಂತರದ ವರ್ಷಗಳಲ್ಲಿ ಡೈಪರಿಗೆ ಪುಡಿ ಸೇರಿಸಿದರು. ಡೈಪರ್ ತೆಳ್ಳಗಾಯಿತು. ಸೀರೆಯ ಒಳಗೆ ಹಾಕಿದರೂ ಅಷ್ಟಾಗಿ ಎದ್ದು ಕಾಣದಂತಾಯಿತು.

ಡೈಪರೇ ಬೇಕು ಎನ್ನುವವರು ಏನು ಹೇಳುತ್ತಾರೆ?

"ರಾತ್ರಿ ನಿದ್ದೆ ಬರುತ್ತೆ. ಬಟ್ಟೆಯಾದರೆ ಎರಡು ಮೂರು ಸಲ ಎದ್ದು ಬದಲಾಯಿಸಬೇಕು. ನನಗೂ ನಿದ್ದೆ ಇಲ್ಲ. ನೋಡಿಕೊಳ್ಳೋರಿಗೂ ನಿದ್ದೆ ಇಲ್ಲ."

"ಬಸ್ಸಲ್ಲಿ, ಆಸ್ಪತ್ರೆಯಲ್ಲಿ, ಮದುವೆ ಮನೆಯಲ್ಲಿ ಧೈರ್ಯವಾಗಿ ಕೂರಬಹುದು. ವಾಸನೆ ಕಡಿಮೆ."

"ನಮ್ಮೂರಲ್ಲಿ ನೀರಿಗೇ ಬರ. ಕುಡಿಯೋದಕ್ಕೆ ತರೋದೇ ಕಷ್ಟ. ಬಟ್ಟೆ ಒಗೆಯೋಕೆ ಎಲ್ಲಿಂದ ತರಲಿ?"

"ನಮ್ಮದು ಮಲೆನಾಡು. ಮಳೆಗಾಲದಲ್ಲಿ ಬಟ್ಟೆ ಒಣಗಲ್ಲ. ಹಸಿ ಬಟ್ಟೆ ಕಟ್ಟಿಕೊಂಡ್ರೆ ತುರಿಕೆ."

"ಪಟ್ಟಣದಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ. ಈ ಬಟ್ಟೆಗಳನ್ನ ಎಲ್ಲಿ ಹರವಲಿ?"

"ನಾನು ಒಬ್ಬಳೇ ಇರೋದು. ಕೈ ನಡುಗುತ್ತೆ. ಬಟ್ಟೆ ಹಿಂಡೋಕೆ ಆಗಲ್ಲ."

"ನನ್ನ ಹೊಲಸನ್ನ ಇನ್ನೊಬ್ಬರು ಒಗೆಯೋದು ಬೇಡ. ಎಸೆದರೆ ಮುಗೀತು."

ಕಡೆಯ ಮಾತನ್ನು ಇನ್ನೊಮ್ಮೆ ಓದಿ. ಅದು ಬರೀ ಸುಖದ ಮಾತಲ್ಲ. ಮಾನದ ಮಾತು. ಮುಪ್ಪಿನಲ್ಲೂ ಯಾರ ಹಂಗಿಗೂ ಬೀಳಬಾರದು ಎಂಬ ಆಸೆ ಅದರಲ್ಲಿದೆ.

ಬಟ್ಟೆಯೇ ಸಾಕು ಎನ್ನುವವರು ಏನು ಹೇಳುತ್ತಾರೆ?

ಅವರ ಮಾತಿನಲ್ಲೂ ಸತ್ಯ ಇದೆ. ಹಳೇ ಸೀರೆ, ಹಳೇ ಪಂಚೆ ಮೆತ್ತಗಿರುತ್ತದೆ. ಅದರಲ್ಲಿ ಗಾಳಿ ಆಡುತ್ತದೆ. ಪ್ಲಾಸ್ಟಿಕ್ ಒಳಗೆ ಬೇಸಿಗೆಯಲ್ಲಿ ಬೆವರುತ್ತದೆ. ಕೆಲವರಿಗೆ ಗುಳ್ಳೆ ಏಳುತ್ತದೆ. ಬಟ್ಟೆ ನೆನೆದರೆ ಕೂಡಲೇ ಗೊತ್ತಾಗುತ್ತದೆ, ಬದಲಾಯಿಸುತ್ತೇವೆ. ಬಟ್ಟೆಯನ್ನು ಒಗೆದು ಮತ್ತೆ ಮತ್ತೆ ಬಳಸಬಹುದು. ಕಸದ ಗುಡ್ಡೆ ಬೆಳೆಯುವುದಿಲ್ಲ.

ಮನೆಯಲ್ಲೇ ಇರುವವರಿಗೆ, ನೀರು, ಬಿಸಿಲು, ಒಗೆಯುವ ಕೈ ಮೂರೂ ಇರುವವರಿಗೆ ಬಟ್ಟೆ ಚೆನ್ನಾಗಿಯೇ ನಡೆಯುತ್ತದೆ.

ಲೆಕ್ಕ ಹಾಕೋಣ

ಒಂದು ಡೈಪರಿಗೆ 40 ರೂಪಾಯಿ ಎಂದು ಇಟ್ಟುಕೊಳ್ಳಿ. ದಿನಕ್ಕೆ 3 ಬೇಕು.

40 ರೂ. × 3 = 120 ರೂ. ಒಂದು ದಿನಕ್ಕೆ.
120 ರೂ. × 30 = 3,600 ರೂ. ಒಂದು ತಿಂಗಳಿಗೆ.

ನಮ್ಮ ರಾಜ್ಯದಲ್ಲಿ ವಯಸ್ಸಾದವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಇದೆ. 2021ರಲ್ಲಿ ಅದನ್ನು ತಿಂಗಳಿಗೆ 1,000 ರೂಪಾಯಿಯಿಂದ 1,200 ರೂಪಾಯಿಗೆ ಏರಿಸಿದರು. 1,200 ರೂಪಾಯಿಯ ಲೆಕ್ಕದಲ್ಲಿ ಮೂರು ತಿಂಗಳ ಪಿಂಚಣಿ ಸೇರಿದರೆ ಒಂದು ತಿಂಗಳ ಡೈಪರ್ ಬರುತ್ತದೆ. ಬಡವರಿಗೆ ಇದು ಸಣ್ಣ ಖರ್ಚಲ್ಲ.

ಹಾಗಾದರೆ ಬಟ್ಟೆ ಪುಕ್ಕಟೆಯೇ? ಅಲ್ಲ. ಸೋಪಿಗೆ ದುಡ್ಡು ಬೇಕು. ನೀರು ತರಬೇಕು. ಒಗೆಯಬೇಕು, ಒಣಗಿಸಬೇಕು, ಮಡಚಬೇಕು. ದಿನಕ್ಕೆ ಒಂದು ಗಂಟೆ ಅಂದರೂ ತಿಂಗಳಿಗೆ 30 ಗಂಟೆ. ಈ ಕೆಲಸ ಮಾಡುವವರು ಯಾರು? ಹೆಚ್ಚಿನ ಮನೆಗಳಲ್ಲಿ ಸೊಸೆ ಅಥವಾ ಮಗಳು. ಅವಳಿಗೆ ಕೂಲಿ ಇಲ್ಲ. ಅದಕ್ಕೇ ಬಟ್ಟೆ ಪುಕ್ಕಟೆ ಎಂದು ಕಾಣುತ್ತದೆ. ಡೈಪರಿನ ಬೆಲೆ ಪೊಟ್ಟಣದ ಮೇಲೆ ಬರೆದಿರುತ್ತದೆ. ಬಟ್ಟೆಯ ಬೆಲೆ ಹೆಣ್ಣಿನ ರಟ್ಟೆಯಲ್ಲಿದೆ. ಅದನ್ನು ಯಾರೂ ಬರೆದಿಡುವುದಿಲ್ಲ.

ಕೆಲವು ಮನೆಗಳಲ್ಲಿ ಎರಡನ್ನೂ ಬಳಸುತ್ತಾರೆ. ಹಗಲು ಬಟ್ಟೆ. ರಾತ್ರಿ ಒಂದು ಡೈಪರ್. ಪ್ರಯಾಣ ಇದ್ದಾಗ ಒಂದು ಡೈಪರ್. ರಾತ್ರಿಯದು ಮಾತ್ರ ಲೆಕ್ಕ ಹಾಕಿ.

40 ರೂ. × 30 = 1,200 ರೂ.

ಇದೂ ಕಡಿಮೆ ಅಲ್ಲ. ಆದರೆ 2,400 ರೂಪಾಯಿ ಉಳಿಯಿತು. ಇಬ್ಬರಿಗೂ ನಿದ್ದೆಯೂ ಸಿಕ್ಕಿತು.

ಯಾವುದನ್ನೇ ಬಳಸಿ, ಇವನ್ನು ಮರೆಯಬೇಡಿ

1. ಒದ್ದೆಯಾದ ಬಟ್ಟೆಯನ್ನು ಕೂಡಲೇ ಬದಲಾಯಿಸಿ. ದುಡ್ಡು ಉಳಿಸಲು ಒಂದೇ ಡೈಪರನ್ನು ದಿನವೆಲ್ಲ ಬಿಡಬೇಡಿ. ಮಲ ಆಗಿದ್ದರೆ ಒಂದು ಗಳಿಗೆಯೂ ಬಿಡಬೇಡಿ. ಒದ್ದೆ ಚರ್ಮ ಬೇಗ ಹುಣ್ಣಾಗುತ್ತದೆ.

2. ಬದಲಾಯಿಸುವಾಗ ಮುಂದಿನಿಂದ ಹಿಂದಕ್ಕೆ ಒರೆಸಿ. ಹಿಂದಿನಿಂದ ಮುಂದಕ್ಕೆ ಒರೆಸಿದರೆ ಮಲದ ರೋಗಾಣು ಮೂತ್ರದ ದಾರಿಗೆ ಸೇರುತ್ತದೆ.

3. ಮೆತ್ತಗೆ ತೊಳೆಯಿರಿ. ಒತ್ತಿ ಒಣಗಿಸಿ, ಉಜ್ಜಬೇಡಿ. ಪೌಡರ್ ಸುರಿಯಬೇಡಿ. ಒದ್ದೆಯಲ್ಲಿ ಅದು ಮುದ್ದೆಯಾಗುತ್ತದೆ.

4. ಬಟ್ಟೆಯಲ್ಲಿ ಸೋಪಿನ ಅಂಶ ಉಳಿಯಬಾರದು. ಚೆನ್ನಾಗಿ ಜಾಲಿಸಿ. ಬಿಸಿಲಿನಲ್ಲೇ ಒಣಗಿಸಿ. ನಾಚಿಕೆಯಿಂದ ಮೂಲೆಯಲ್ಲಿ, ಬೇರೆ ಬಟ್ಟೆಯ ಅಡಿಯಲ್ಲಿ ಒಣಗಿಸಬೇಡಿ.

5. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿ. ಬೆನ್ನು, ಸೊಂಟದಲ್ಲಿ ಕೆಂಪಾಗಿದೆಯೇ ನೋಡಿ. ಕೆಂಪು ಹೋಗದಿದ್ದರೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

6. ಬದಲಾಯಿಸುವ ಮುಂಚೆಯೂ ಆಮೇಲೂ ಸೋಪು ಹಾಕಿ ಕೈ ತೊಳೆಯಿರಿ.

ಎಸೆಯುವುದು ಹೇಗೆ?

ಡೈಪರಿನ ದೊಡ್ಡ ತೊಂದರೆ ಇಲ್ಲಿದೆ. ಪ್ಲಾಸ್ಟಿಕ್ ಕೊಳೆಯುವುದಿಲ್ಲ. ಹಳ್ಳಕ್ಕೆ, ಕೆರೆಗೆ ಎಸೆದರೆ ಅಲ್ಲೇ ಉಳಿಯುತ್ತದೆ. ಕಕ್ಕಸಿಗೆ ಹಾಕಿದರೆ ಗುಂಡಿ, ಕೊಳವೆ ಕಟ್ಟುತ್ತದೆ. ಒಲೆಗೆ ಹಾಕಿದರೆ ವಿಷದ ಹೊಗೆ. ತಿಪ್ಪೆಗೆ ಹಾಕಿದರೆ ನಾಯಿ ಎಳೆದಾಡುತ್ತದೆ.

ಮಲ ಇದ್ದರೆ ಮೊದಲು ಕಕ್ಕಸಿಗೆ ಉದುರಿಸಿ. ಡೈಪರನ್ನು ಒಳಮುಖವಾಗಿ ಸುತ್ತಿ. ಹಳೇ ಪೇಪರಿನಲ್ಲಿ ಕಟ್ಟಿ. ಬೇರೆ ಕಸದ ಜೊತೆ ಕಲಸಬೇಡಿ. ಇದು ಡೈಪರ್ ಎಂದು ಹೇಳಿ ಕಸದ ಗಾಡಿಗೆ ಕೊಡಿ. 2016ರಲ್ಲಿ ಕೇಂದ್ರ ಸರ್ಕಾರ ತಂದ ಕಸದ ನಿಯಮವೂ ಡೈಪರನ್ನು ಸುತ್ತಿಯೇ ಕೊಡಬೇಕು ಎಂದು ಹೇಳಿತ್ತು.

ಯಾಕೆ ಇಷ್ಟು ಎಚ್ಚರ? ನಮ್ಮ ಎಷ್ಟೋ ಪಂಚಾಯಿತಿಗಳಲ್ಲಿ ಸ್ವಚ್ಛ ವಾಹಿನಿ ಗಾಡಿ ಮನೆ ಮುಂದೆ ಬರುತ್ತದೆ. ಅದನ್ನು ಓಡಿಸುವವರು, ಕಸ ಬೇರ್ಪಡಿಸುವವರು ಸ್ವಸಹಾಯ ಸಂಘದ ಹೆಂಗಸರು. ನಾವು ಬಿಚ್ಚಿ ಎಸೆದದ್ದು ಅವರ ಕೈಗೇ ಸಿಗುತ್ತದೆ. "ಎಸೆದರೆ ಮುಗೀತು" ಎಂದರೆ ನಮಗೆ ಮುಗಿಯಿತು. ಅವರಿಗೆ ಅಲ್ಲಿಂದ ಶುರು.

ಮೊದಲು ಡಾಕ್ಟರಿಗೆ ತೋರಿಸಿ

ಒಂದು ಮುಖ್ಯ ಮಾತು. ಬಟ್ಟೆ ಆಗಲಿ, ಡೈಪರ್ ಆಗಲಿ, ಸೋರಿದ್ದನ್ನು ಹಿಡಿಯುತ್ತದೆ. ಸೋರುವುದನ್ನು ನಿಲ್ಲಿಸುವುದಿಲ್ಲ. "ವಯಸ್ಸಾಯ್ತು, ಇನ್ನೇನು" ಎಂದು ಸುಮ್ಮನಿರಬೇಡಿ. ಎಷ್ಟೋ ಜನರಿಗೆ ಇದು ಕಡಿಮೆಯಾಗುತ್ತದೆ. ಸೋಂಕಿಗೆ ಔಷಧಿ ಇದೆ. ಸಕ್ಕರೆ ಹತೋಟಿಗೆ ಬಂದರೆ ಸೋರುವುದೂ ಕಡಿಮೆಯಾಗಬಹುದು.

ಉಚ್ಚೆಯಲ್ಲಿ ರಕ್ತ, ಉರಿ, ಜ್ವರ ಇದ್ದರೆ ತಡಮಾಡಬೇಡಿ. ಗರ್ಭಕೋಶ ಕೆಳಗೆ ಜಾರಿದ ಹಾಗೆ ಅನ್ನಿಸಿದರೂ ತೋರಿಸಿ. ಡಾಕ್ಟರ ಹತ್ತಿರ ಹೇಳಲು ಸಂಕೋಚವೇ? ಮೊದಲು ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ಹೇಳಿ. ಅವರು ದಾರಿ ತೋರಿಸುತ್ತಾರೆ.

ಸಡಿಲವಾದ ಸ್ನಾಯುವಿಗೆ ಒಂದು ವ್ಯಾಯಾಮ ಇದೆ. 1948ರಲ್ಲಿ ಕೆಗೆಲ್ ಎಂಬ ಅಮೆರಿಕದ ಡಾಕ್ಟರು ಇದರ ಬಗ್ಗೆ ಬರೆದರು. ಇದಕ್ಕೆ ದುಡ್ಡು ಬೇಡ. ಕುಳಿತೇ ಮಾಡಬಹುದು.

ಉಚ್ಚೆ ತಡೆಯುವಾಗ ಹೇಗೆ ಒಳಗೆ ಬಿಗಿ ಹಿಡಿಯುತ್ತೀರೋ ಹಾಗೆ ಹಿಡಿಯಿರಿ. ಮೆಲ್ಲಗೆ ಐದು ಎಣಿಸಿ. ಬಿಡಿ. ಮತ್ತೆ ಐದು ಎಣಿಸಿ. ಹೀಗೆ 10 ಸಲ. ದಿನಕ್ಕೆ ಮೂರು ಹೊತ್ತು. ಉಸಿರು ಬಿಗಿ ಹಿಡಿಯಬೇಡಿ. ಉಚ್ಚೆ ಮಾಡುತ್ತಿರುವಾಗ ಇದನ್ನು ಮಾಡಬೇಡಿ. ಮೂರು ತಿಂಗಳು ಬಿಡದೆ ಮಾಡಿ. ಬಾಣಂತನ ಮುಗಿಸಿದ ಹೆಣ್ಣುಮಕ್ಕಳೂ ಮಾಡಬೇಕು.

ಯಾರು ತೀರ್ಮಾನ ಮಾಡಬೇಕು?

ಬಟ್ಟೆಯೇ ಸರಿ, ಡೈಪರೇ ಸರಿ ಎಂದು ಹೊರಗಿನವರು ಹೇಳಲು ಆಗದು. ಹಾಕಿಕೊಳ್ಳುವವರನ್ನು ಕೇಳಬೇಕು. ಒಗೆಯುವವರನ್ನೂ ಕೇಳಬೇಕು. ದುಡ್ಡು ಎಷ್ಟಿದೆ, ನೀರು ಎಷ್ಟಿದೆ ನೋಡಬೇಕು. ಎಲ್ಲರೂ ಕೂತು ಮಾತಾಡಿದರೆ ದಾರಿ ಸಿಗುತ್ತದೆ. ಮಾತೇ ಆಡದಿದ್ದರೆ ಅತ್ತೆ ನೀರು ಬಿಡುತ್ತಾರೆ, ಸೊಸೆ ನಿದ್ದೆ ಬಿಡುತ್ತಾಳೆ.

ಕೂಡಿ ಮಾತಾಡಿ

1. ನಿಮ್ಮ ಮನೆಯಲ್ಲಿ ಹಿರಿಯರು ಸಾಕಷ್ಟು ನೀರು ಕುಡಿಯುತ್ತಾರೆಯೇ? ಕುಡಿಯದಿದ್ದರೆ ಯಾಕೆ ಎಂದು ಕೇಳಿದ್ದೀರಾ?

2. ಹಿರಿಯರ ಬಟ್ಟೆ ಒಗೆಯುವ ಕೆಲಸ ಹೆಣ್ಣುಮಕ್ಕಳದ್ದು ಮಾತ್ರವೇ? ಮಗ ಒಗೆಯಬಾರದೇ?

3. ನಿಮ್ಮ ಊರಿನಲ್ಲಿ ಡೈಪರ್, ಪ್ಯಾಡ್ ಎಲ್ಲಿಗೆ ಹೋಗುತ್ತವೆ? ಕಸದ ಗಾಡಿಯ ಅಕ್ಕನನ್ನು ಕೇಳಿ ನೋಡಿ.

4. ಒಂದು ಡೈಪರಿಗೆ 35 ರೂಪಾಯಿ. ದಿನಕ್ಕೆ 2 ಬೇಕು. 30 ದಿನಕ್ಕೆ ಎಷ್ಟು? ಬರೆದು ನೋಡಿ.