ಜೋಡಣೆಯೂ ಆವಿಷ್ಕಾರವೂ

ತಂತಿಗೆ ಕಟ್ಟುಬಿದ್ದಿದ್ದ ದೂರವಾಣಿಗೆ ಎರಡು ಮಾರ್ಗಗಳಿಂದ ಬಿಡುಗಡೆ ದೊರೆಯಿತು. ಕಾರ್ಡ್‌ಲೆಸ್ ದೂರವಾಣಿಯಲ್ಲಿ ತಂತಿ ಮನೆಯವರೆಗೂ ಬರುತ್ತದೆ. ಅಲ್ಲಿಂದ ಕೈಯಲ್ಲಿರುವ ಉಪಕರಣದವರೆಗೆ ಮಾತ್ರ ರೇಡಿಯೋ ಸಂಪರ್ಕ. ಸೆಲ್ಯುಲರ್ ಪದ್ಧತಿಯಲ್ಲಾದರೋ ಪ್ರದೇಶವನ್ನೇ ಸಣ್ಣ ಕೋಶಗಳಾಗಿ ವಿಂಗಡಿಸಿ, ಮಾತನಾಡುವವನು ಸಂಚರಿಸಿದಂತೆ ಕರೆಯನ್ನು ಒಂದು ಕೋಶದಿಂದ ಮತ್ತೊಂದಕ್ಕೆ ದಾಟಿಸಲಾಗುತ್ತದೆ. ಅಮೆರಿಕದಲ್ಲಿ ಜಾರ್ಜ್ ಸ್ವೈಗರ್ಟ್ 1969ರಲ್ಲಿ ಮೊದಲನೆಯ ಬಗೆಯ ಉಪಕರಣಕ್ಕೂ, ಮೋಟೊರೊಲಾ ಸಂಸ್ಥೆಯ ಮಾರ್ಟಿನ್ ಕೂಪರ್ ಮತ್ತು ಸಂಗಡಿಗರು 1975ರಲ್ಲಿ ಒಯ್ಯಬಲ್ಲ ರೇಡಿಯೋ ದೂರವಾಣಿಯ ಪದ್ಧತಿಗೂ ಪೇಟೆಂಟು ಪಡೆದರು.

ಇವೆರಡನ್ನೂ ಒಂದೇ ಉಪಕರಣದಲ್ಲಿ ಕೂಡಿಸಿದರೆ ಮನೆಯೊಳಗೆ ಅಗ್ಗದ ಮಾರ್ಗವೂ ಹೊರಗೆ ಸಂಚಾರಸೌಕರ್ಯವೂ ಲಭಿಸುತ್ತವೆ. 1999ರಲ್ಲಿ ಬ್ರಿಟನ್ನಿನ ಬಿ.ಟಿ. ಸಂಸ್ಥೆ 'ಒನ್‌ಫೋನ್' ಎಂಬ ಹೆಸರಿನಲ್ಲಿ ಇಂಥದೊಂದನ್ನು ಮಾರುಕಟ್ಟೆಗೆ ತಂದಿತು. ಮುಂದೆ ಕಾರ್ಡ್‌ಲೆಸ್ಸಿನ ಸ್ಥಾನಕ್ಕೆ ವೈ-ಫೈ ಬಂದಿತು, ವ್ಯಾಜ್ಯಗಳೂ ಬಂದವು. ಸೆಲ್ಯುಲರ್ ಜಾಲಕ್ಕೂ ಸಮೀಪದ ರೇಡಿಯೋ ಜಾಲಕ್ಕೂ ನಡುವೆ ಬದಲಾಗುವ ಉಪಕರಣದ ಬಗೆಗೆ 2004ರಲ್ಲಿ ಪೇಟೆಂಟು ಪಡೆದಿದ್ದ ಕ್ಯಾಲಿಪ್ಸೊ ವೈರ್‌ಲೆಸ್ ಸಂಸ್ಥೆಯು, 2008ರಲ್ಲಿ ಟೆಕ್ಸಾಸಿನ ಫೆಡರಲ್ ನ್ಯಾಯಾಲಯದಲ್ಲಿ ಟಿ-ಮೊಬೈಲ್ ಮೇಲೆ ದಾವೆ ಹೂಡಿತು.

ಇಂಥ ದಾವೆಗಳಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಪ್ರತಿವಾದಿಯ ಉಪಕರಣವು ಪೇಟೆಂಟಿನ ಹಕ್ಕುವಾಕ್ಯಗಳ ಮೇರೆಯೊಳಗೆ ಬರುತ್ತದೆಯೆ? ಬಂದರೂ, ಆ ಹಕ್ಕೇ ನಿಲ್ಲತಕ್ಕದ್ದೆ? ಎರಡನೆಯದೇ ಕಠಿನವಾದುದು; ಏಕೆಂದರೆ ಬಿಡಿಭಾಗಗಳೆರಡೂ ಮೊದಲೇ ತಿಳಿದವು. ಪರಿಚಿತ ಅಂಶಗಳನ್ನು ಪರಿಚಿತ ರೀತಿಯಲ್ಲಿ ಕೂಡಿಸಿ ನಿರೀಕ್ಷಿತ ಫಲವನ್ನಷ್ಟೇ ಪಡೆದರೆ ಅದು ಆವಿಷ್ಕಾರವೆನಿಸುವುದು ದುರ್ಲಭವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ, ಮೋಟಾರು ವಾಹನದ ಪೆಡಲಿಗೆ ಸಂಬಂಧಿಸಿದ ಕೆ.ಎಸ್.ಆರ್. ಮೊಕದ್ದಮೆಯಲ್ಲಿ, ಹೇಳಿತು. ಭಾರತದ ನಿಲುವೂ ಇದಕ್ಕೆ ದೂರವಲ್ಲ. ತಂತಮ್ಮಷ್ಟಕ್ಕೆ ಕೆಲಸಮಾಡುವ ಪರಿಚಿತ ಸಾಧನಗಳ ಬರಿಯ ಜೋಡಣೆಯು ಆವಿಷ್ಕಾರವಲ್ಲವೆಂದು 1970ರ ಪೇಟೆಂಟು ಕಾಯಿದೆ ಸಾರುತ್ತದೆ. ಬಿಶ್ವನಾಥ ಪ್ರಸಾದ್ ಮೊಕದ್ದಮೆಯಲ್ಲಿ 1978ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವೂ ಇದೇ ತತ್ತ್ವವನ್ನು ಎತ್ತಿಹಿಡಿಯಿತು.

ಹಾಗಾದರೆ ಜೋಡಿಸಿದವನ ಪಾಲಿಗೆ ಉಳಿಯುವುದೇನು? ಉಳಿಯುವುದು ಬೆಸುಗೆ. ಒಂದು ಪೆಟ್ಟಿಗೆಯಲ್ಲಿ ಎರಡು ರೇಡಿಯೋಗಳನ್ನಿಡುವುದು ಸುಲಭ. ಆಡುತ್ತಿರುವ ಮಾತು ಕಡಿಯದಂತೆ ಕರೆಯನ್ನು ಒಂದು ಜಾಲದಿಂದ ಇನ್ನೊಂದಕ್ಕೆ ದಾಟಿಸುವುದು ಸುಲಭವಲ್ಲ. ಯಾವ ಕ್ಷಣದಲ್ಲಿ ದಾಟಬೇಕು, ಗ್ರಾಹಕನ ಗುರುತನ್ನು ಹೊಸ ಜಾಲವು ಹೇಗೆ ಅರಿಯಬೇಕು ಎಂಬ ತೊಡಕುಗಳನ್ನು ಹೊಸ ಉಪಾಯದಿಂದ ಬಿಡಿಸಿದವನಿಗೆ ಕಾನೂನಿನ ರಕ್ಷಣೆ ಸಲ್ಲಬೇಕು. ಆದರೆ ಕೂಡಿಸುವ ಕಲ್ಪನೆಗೇ ಬೇಲಿ ಹಾಕಿದರೆ, ಬೆವರು ಸುರಿಸಿ ಬೆಸುಗೆಯನ್ನು ಸಾಧಿಸಿದವನು ಮೊದಲು ಬರೆದಿಟ್ಟವನಿಗೆ ಸುಂಕ ತೆರಬೇಕಾಗುತ್ತದೆ. ಬೇಲಿಯನ್ನು ಎಲ್ಲಿ ನಿಲ್ಲಿಸಬೇಕೆಂಬುದೇ ಈ ವ್ಯಾಜ್ಯಗಳ ತಿರುಳು.