ಹೊಟ್ಟೆಯೊಳಗಿನ ಗುಮಾಸ್ತರು

ಹೃದಯ ಎಲ್ಲಿದೆ ಎಂದು ಕೇಳಿದರೆ ಎರಡನೇ ತರಗತಿಯ ಮಗುವೂ ಎದೆ ಮುಟ್ಟಿ ತೋರಿಸುತ್ತದೆ. ಮೇದೋಜೀರಕ ಗ್ರಂಥಿ ಎಲ್ಲಿದೆ ಎಂದರೆ ಅಜ್ಜಂದಿರೂ ತಲೆ ಕೆರೆದುಕೊಳ್ಳುತ್ತಾರೆ. ಜಠರದ ಹಿಂದೆ ಅಡ್ಡಲಾಗಿ ಮಲಗಿರುವ ಈ ಗ್ರಂಥಿಯ ಉದ್ದ ಸುಮಾರು 15 ಸೆಂಟಿಮೀಟರ್, ಅಂದರೆ ನಿಮ್ಮ ಕಂಪಾಸ್ ಡಬ್ಬಿಯ ಸ್ಕೇಲಿನಷ್ಟು. ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಬರುವುದು ಇಲ್ಲಿಂದಲೇ. ಅನ್ನ, ಬೇಳೆ, ತುಪ್ಪಗಳನ್ನು ಒಡೆದು ಕರಗಿಸುವ ಕಿಣ್ವಗಳು ಬರುವುದೂ ಇಲ್ಲಿಂದಲೇ.

ನಾನು ಬ್ಯಾಂಕಿನಲ್ಲಿದ್ದವನು, ಹಾಗಾಗಿ ಬ್ಯಾಂಕಿನ ಮಾತಿನಲ್ಲೇ ಹೇಳುತ್ತೇನೆ. ನಿಮ್ಮ ಚೆಕ್ಕು ಎಷ್ಟೇ ದೊಡ್ಡದಿರಲಿ, ಕೌಂಟರಿನಲ್ಲಿ ಗುಮಾಸ್ತನಿಲ್ಲದಿದ್ದರೆ ಹಣ ಕೈಗೆ ಬರುವುದಿಲ್ಲ. ಕಿಣ್ವಗಳೇ ಆ ಗುಮಾಸ್ತರು. ದೀರ್ಘಕಾಲದ ಉರಿಯೂತದಿಂದಲೋ, ಕ್ಯಾನ್ಸರಿನಿಂದಲೋ, ಶಸ್ತ್ರಚಿಕಿತ್ಸೆಯಿಂದಲೋ ಗ್ರಂಥಿ ಸೊರಗಿದರೆ ತಿಂದದ್ದು ಮೈಗೆ ಹತ್ತುವುದಿಲ್ಲ. ಪಿಷ್ಟಕ್ಕೆ ಬಾಯಿಯ ಜೊಲ್ಲಿನ ಸಹಾಯವಿದೆ, ಪ್ರೋಟೀನಿಗೆ ಜಠರದ್ದಿದೆ. ಜಿಡ್ಡಿಗೆ ಮಾತ್ರ ಹೆಚ್ಚುಕಡಿಮೆ ಈ ಗ್ರಂಥಿಯೇ ಗತಿ. ಆದ್ದರಿಂದ ಮಲ ಎಣ್ಣೆಎಣ್ಣೆಯಾಗಿ, ಬಿಳಿಚಿಕೊಂಡು, ನೀರು ಹಾಕಿದರೂ ತೇಲುತ್ತದೆ. ಮಕ್ಕಳು ಇದಕ್ಕೆ ನಗುತ್ತಾರೆ, ನಗಲಿ. ಹಿರಿಯರು ನಾಚಿಕೆಯಿಂದ ವೈದ್ಯರಿಗೂ ಹೇಳದೆ ಮುಚ್ಚಿಡುತ್ತಾರಲ್ಲ, ಅದು ಕೆಟ್ಟದ್ದು.

ನನ್ನ ಜೊತೆ ಕೆಲಸ ಮಾಡಿದ ಗೆಳೆಯರೊಬ್ಬರಿಗೆ ಈ ಕಾಯಿಲೆ. ಮನೆಯವರು ಪ್ರೀತಿಯಿಂದಲೇ ಎಣ್ಣೆ, ತುಪ್ಪ, ಕಾಯಿ ಎಲ್ಲ ನಿಲ್ಲಿಸಿ ಮೂರು ಹೊತ್ತೂ ಗಂಜಿ ಕೊಟ್ಟರು. ಮನುಷ್ಯ ಅಂಗಿಯೊಳಗೆ ಕಳೆದುಹೋಗುವಷ್ಟು ಸೊರಗಿದ. ಆಹಾರತಜ್ಞೆ ಹೇಳಿದ್ದು ಬೇರೆಯೇ: ಜಿಡ್ಡನ್ನು ಪೂರ್ತಿ ಬಿಡಿಸಬೇಡಿ, ಬಿಡಿಸಿದರೆ ಶಕ್ತಿಯೂ ಹೋಗುತ್ತದೆ, ಜಿಡ್ಡಿನ ಜೊತೆ ಸೇರುವ ಎ, ಡಿ, ಇ, ಕೆ ವಿಟಮಿನ್‌ಗಳೂ ಹೋಗುತ್ತವೆ. ಹೊಟ್ಟೆ ಬಿರಿಯುವ ಎರಡು ಊಟದ ಬದಲು ಐದಾರು ಸಣ್ಣ ಊಟ ಕೊಡಿ. ಬೇಳೆ, ಮೊಸರು, ತಿನ್ನುವವರಾದರೆ ಮೊಟ್ಟೆ, ಮೀನು ಇರಲಿ. ಆರೋಗ್ಯಕ್ಕೆಂದು ತೌಡು, ನಾರು ತುಂಬಿಸಬೇಡಿ, ಅತಿಯಾದ ನಾರು ಕಿಣ್ವದ ಕೆಲಸಕ್ಕೆ ಅಡ್ಡ. ಮದ್ಯ, ಬೀಡಿ, ಸಿಗರೇಟು ಮಾತ್ರ ಒಂದು ಗುಟುಕೂ ಬೇಡ, ಒಂದು ದಮ್ಮೂ ಬೇಡ. (ತೀವ್ರ ಹೊಟ್ಟೆನೋವು, ವಾಂತಿ ಬಂದ ದಿನ ಈ ಪಟ್ಟಿ ನಡೆಯುವುದಿಲ್ಲ. ಆಗ ಆಸ್ಪತ್ರೆಗೇ ಓಡಬೇಕು.)

ಕಿಣ್ವದ ಕೊರತೆಗೆ ಕ್ಯಾಪ್ಸೂಲ್ ಇದೆ. ಎಷ್ಟು ಬೇಕೆಂಬುದು ವೈದ್ಯರ ಲೆಕ್ಕ, ಯಾವಾಗ ಎಂಬುದು ಮನೆಯವರ ಲೆಕ್ಕ. ನಮ್ಮಲ್ಲಿ ಮಾತ್ರೆ ಎಂದರೆ ‘ಊಟವಾದ ಮೇಲೆ’ ಎಂಬ ರೂಢಿ. ಇಲ್ಲಿ ಅದು ನಡೆಯದು. ಜನ ಚದುರಿದ ಮೇಲೆ ಕೌಂಟರಿಗೆ ಬಂದ ಗುಮಾಸ್ತನಿಂದೇನು ಪ್ರಯೋಜನ? ಮೊದಲ ತುತ್ತಿನ ಜೊತೆಗೇ ನುಂಗಬೇಕು. ಮದುವೆಯೂಟ ಅರ್ಧ ಗಂಟೆ ಎಳೆಯಿತೆಂದರೆ ಸ್ವಲ್ಪ ಆರಂಭದಲ್ಲಿ, ಉಳಿದದ್ದು ನಡುವೆ. ಸಂಜೆಯ ಒಂದು ಲೋಟ ಹಾಲಿಗೂ, ಎರಡು ವಡೆಗೂ ಬೇಕು, ಬರೀ ನೀರಿಗೆ ಬೇಡ. ಒಳಗಿನ ಕಾಳುಗಳಿಗೆ ಜಠರದ ಆಮ್ಲ ತಾಗದಂತೆ ಲೇಪನವಿರುತ್ತದೆ, ಆದ್ದರಿಂದ ಅಗಿಯಬಾರದು. ಬಿಸಿ ಸಾರಿಗೆ ಉದುರಿಸಬಾರದು, ಶಾಖಕ್ಕೆ ಕಿಣ್ವ ಕೆಡುತ್ತದೆ. ಡಬ್ಬಿಯನ್ನು ಒಲೆಯ ಪಕ್ಕ ಇಡುವುದೂ ಸಲ್ಲ.

ಇನ್ನೊಂದು ಮಾತು. ಈ ಕಿಣ್ವವನ್ನು ಸಾಮಾನ್ಯವಾಗಿ ಹಂದಿಯ ಮೇದೋಜೀರಕದಿಂದ ತೆಗೆಯುತ್ತಾರೆ. ಸಸ್ಯಾಹಾರಿಗಳ ಮನೆಯಲ್ಲಿ, ಹಂದಿ ನಿಷಿದ್ಧವಾದ ಮನೆಯಲ್ಲಿ ಇದನ್ನು ಮುಚ್ಚಿಡುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ರೋಗಿಗೆ ತಿಳಿಸಿ, ವೈದ್ಯರೊಂದಿಗೆ ಕೂತು ಮಾತಾಡಿ. ತಿಳಿಯದೆ ನುಂಗಿ, ಆಮೇಲೆ ಯಾರಿಂದಲೋ ಕೇಳಿ ತಟ್ಟನೆ ನಿಲ್ಲಿಸಿಬಿಟ್ಟರೆ ಮತ್ತೆ ತೂಕ ಇಳಿಯುತ್ತದೆ.

ಮೊಮ್ಮಕ್ಕಳಿಗೆ ಎರಡು ಕೆಲಸ ಕೊಡುತ್ತೇನೆ. ತಟ್ಟೆ ಇಟ್ಟ ಕೂಡಲೇ ‘ಅಜ್ಜಾ, ಕ್ಯಾಪ್ಸೂಲ್?’ ಎಂದು ಕೇಳುವುದು ಒಂದು. ಭಾನುವಾರ ಬೆಳಿಗ್ಗೆ ಅಜ್ಜನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ತಾರೀಖು ಹಾಕಿ ನೋಟುಬುಕ್ಕಿನಲ್ಲಿ ಬರೆಯುವುದು ಇನ್ನೊಂದು. ನನ್ನ ಗೆಳೆಯನ ಮೊಮ್ಮಗಳು ಅದಕ್ಕೆ ‘ಅಜ್ಜನ ಪಾಸ್‌ಬುಕ್’ ಎಂದು ಹೆಸರಿಟ್ಟಿದ್ದಾಳೆ. ಮೊನ್ನೆ ನೋಡಿದೆ, ಜಮೆ ಏರುತ್ತಿದೆ.